ಪೆನ್ನು ಯಾರ ಕೈಯಲ್ಲಿದೆ?

ಓದುಗರ ಪ್ರಶ್ನೆಗಳಿಗೆ ದಾವಣಗೆರೆಯಿಂದ ಉತ್ತರ

ಪ್ರಶ್ನೆ: ಅಕ್ಕಾ, ದಾವಣಗೆರೆ ಎಪಿಎಂಸಿಯಲ್ಲಿ ನಮ್ಮದು ಮೆಕ್ಕೆಜೋಳದ ದಲಾಲಿ ಅಂಗಡಿ. ತೂಕದ ಚೀಟಿಗೆ ನಾನೇ ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆದಿದ್ದೇನೆ. ಬ್ರೌಸರ್ ಪುಟಗಳಿಗೆ ಫ್ಲಾಸ್ಕ್, ಡೇಟಾ ಇಡಲು ಎಸ್‌ಕ್ಯೂಲೈಟ್ ಡೇಟಾಬೇಸ್. ಆಫೀಸಿನ ಕಂಪ್ಯೂಟರ್‌ನಲ್ಲಿ ಓಡುತ್ತದೆ, ಎರಡು ಕಾಟಾದ ಗುಮಾಸ್ತರು ಬ್ರೌಸರ್‌ನಲ್ಲಿ ತೂಕ ಹಾಕುತ್ತಾರೆ. ಅಪ್ಪಾಜಿ ಒಳಗಿನ ರೂಮಿನಿಂದ ಶೇರ್ ಫೋಲ್ಡರ್ ಮೂಲಕ ಅದೇ ಡೇಟಾಬೇಸ್ ಫೈಲ್ ತೆಗೆದು ದಿನದ ಲೆಕ್ಕ ನೋಡುತ್ತಾರೆ. ಸುಗ್ಗಿ ಶುರುವಾಗಿ ಆವಕ ಜಾಸ್ತಿ ಆದ ಮೇಲೆ ‘ಡೇಟಾಬೇಸ್ ಈಸ್ ಲಾಕ್ಡ್’ ಅಂತ ಬರುತ್ತಿದೆ. ಟೈಮ್‌ಔಟ್ 60 ಸೆಕೆಂಡ್ ಮಾಡಿದೆ. ಈಗ ಒಂದು ನಿಮಿಷ ಸುಮ್ನೆ ನಿಂತು, ಆಮೇಲೆ ಅದೇ ಎರರ್. ಬಂದ್ ಮಾಡಿ ಮತ್ತೆ ಶುರು ಮಾಡಿದರೆ ಸರಿ ಹೋಗುತ್ತದೆ. ಕೋಡ್ ಕಳಿಸಿದ್ದೇನೆ. ಪೋಸ್ಟ್‌ಗ್ರೆಸ್ ಅನ್ನುವ ದೊಡ್ಡ ಡೇಟಾಬೇಸ್‌ಗೆ ಹೋಗಲಾ?

ಉತ್ತರ: ಈಗಲೇ ಬೇಡ. ಅಲ್ಲಿಗೆ ಹೋದರೂ ಈ ಕೋಡ್ ನಿಮ್ಮ ಜೊತೆಗೇ ಬರುತ್ತದೆ ಅಲ್ವಾ!

ನಮ್ಮಪ್ಪ ಹತ್ತಿ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಇಡೀ ಅಂಗಡಿಗೆ ಒಂದೇ ಕಿರ್ದಿ ಪುಸ್ತಕ. ಎಷ್ಟೇ ಗಲಾಟೆ ಇರಲಿ, ಒಂದು ಸಾಲು ಬರೆದು ಮುಚ್ಚಿ ಪಕ್ಕಕ್ಕಿಡುತ್ತಿದ್ದರು. ಎಸ್‌ಕ್ಯೂಲೈಟ್ ಕೂಡ ಥೇಟ್ ಹಾಗೆಯೇ. ಒಂದೇ ಫೈಲು, ಒಂದು ಹೊತ್ತಿಗೆ ಬರೆಯುವ ಕೈ ಒಂದೇ. ನಿಮ್ಮ ಪ್ರೋಗ್ರಾಂ ಕಿರ್ದಿ ಬಿಚ್ಚಿಟ್ಟು, ಪೆನ್ನು ಜೇಬಿಗೆ ಹಾಕಿಕೊಂಡು ಟೀ ಕುಡಿಯಲು ಹೋಗಿದೆ.

ಚೀಟಿ ಉಳಿಸುವ ನಿಮ್ಮ ಫಂಕ್ಷನ್ ನೋಡಿದೆ. ಮೊದಲು ಇನ್ಸರ್ಟ್, ಅಂದರೆ ಹೊಸ ಸಾಲು ಸೇರಿಸುವುದು. ಆಮೇಲೆ ಚೀಟಿ ಪ್ರಿಂಟ್. ಆಮೇಲೆ ರೈತರ ಮೊಬೈಲ್‌ಗೆ ಎಸ್‌ಎಂಎಸ್. ಕೊನೆಗೆ ಕಮಿಟ್, ಅಂದರೆ ಬರೆದದ್ದನ್ನು ಖಾಯಂ ಮಾಡುವುದು. ಇನ್ಸರ್ಟ್ ಅಂದ ಕೂಡಲೇ ಪೈಥಾನ್ ಸದ್ದಿಲ್ಲದೆ ಒಂದು ಟ್ರಾನ್ಸಾಕ್ಷನ್, ಅಂದರೆ ಇನ್ನೂ ಖಾಯಂ ಆಗದ ಬರವಣಿಗೆ, ತೆರೆಯುತ್ತದೆ. ಅಲ್ಲಿಂದ ಕಮಿಟ್‌ವರೆಗೆ ಬೀಗ ನಿಮ್ಮದೇ. ಒಂದನೇ ಕಾಟಾದ ಪ್ರಿಂಟರ್‌ನಲ್ಲಿ ಪೇಪರ್ ರೋಲ್ ಮುಗಿಯಿತು ಅನ್ನಿ. ಗುಮಾಸ್ತರು ಹೊಸ ರೋಲ್ ಹುಡುಕಿ ಹಾಕುವವರೆಗೆ ಎರಡನೇ ಕಾಟಾದ ಮೇಲಿನ ಟ್ರ್ಯಾಕ್ಟರ್ ಅಲ್ಲೇ ನಿಲ್ಲಬೇಕು. ಪೈಥಾನ್ ತಾನಾಗಿ ಕಾಯುವುದು 5 ಸೆಕೆಂಡ್. ನೀವು 60 ಮಾಡಿ ಆ ಟ್ರ್ಯಾಕ್ಟರನ್ನು ಇನ್ನೂ 55 ಸೆಕೆಂಡ್ ನಿಲ್ಲಿಸಿದಿರಿ, ಅಷ್ಟೇ.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಕಾಟಾಕ್ಕೊಂದರಂತೆ ಡೇಟಾಬೇಸ್‌ಗೆ ಎರಡು ಕನೆಕ್ಷನ್ ಬೆಳಿಗ್ಗೆಯೇ ತೆರೆದು ಸಂಜೆವರೆಗೆ ಇಟ್ಟುಕೊಂಡಿದ್ದೀರಿ. ಒಂದು ಥ್ರೆಡ್‌ನ (ಪ್ರೋಗ್ರಾಂ ಒಳಗೆ ಏಕಕಾಲಕ್ಕೆ ನಡೆಯುವ ಕೆಲಸದ ಎಳೆ) ಕನೆಕ್ಷನ್ ಇನ್ನೊಂದರಲ್ಲಿ ಬಳಸಬೇಡ ಅಂತ ಪೈಥಾನ್ ತಡೆಯುತ್ತದೆ, ಆ ತಡೆಯನ್ನೂ ತೆಗೆದಿದ್ದೀರಿ. ಪ್ರಿಂಟರ್ ಕೈಕೊಟ್ಟರೆ ಎರರ್ ಹಿಡಿಯುವ ನಿಮ್ಮ ಎಕ್ಸೆಪ್ಟ್ ಬರೀ ಸಂದೇಶ ತೋರಿಸುತ್ತದೆ, ರೋಲ್‌ಬ್ಯಾಕ್ ಮಾಡಿ ಬರೆದದ್ದನ್ನು ಅಳಿಸುವುದಿಲ್ಲ. ಟ್ರಾನ್ಸಾಕ್ಷನ್ ಬಾಗಿಲು ತೆರೆದೇ ಇರುತ್ತದೆ. ಬಂದ್ ಮಾಡಿ ಶುರು ಮಾಡಿದರೆ ಸರಿಹೋಗುವುದು ಇದಕ್ಕೇ. ಇನ್ನೂ ಕೇಳಿ: ಗುಮಾಸ್ತರು ಅದೇ ತೂಕ ಮತ್ತೆ ಹಾಕಿ, ಈ ಸಲ ಕಮಿಟ್ ಆಯಿತು ಅನ್ನಿ. ಹಳೆಯ ಅರ್ಧ ಚೀಟಿಯೂ ಅದರ ಜೊತೆ ಒಳಗೆ ಸೇರುತ್ತದೆ. ಒಂದೇ ಗಾಡಿಗೆ, ಒಂದೇ ತೂಕಕ್ಕೆ ಎರಡು ಚೀಟಿ ಇವೆಯಾ, ಇವತ್ತೇ ಹುಡುಕಿ. ರೈತರಿಗೆ ದುಡ್ಡು ಎಣಿಸುವ ಮುಂಚೆ.

ಮಾಡಬೇಕಾದ್ದು ಇಷ್ಟು. ಪ್ರತಿ ಚೀಟಿಗೆ ಹೊಸ ಕನೆಕ್ಷನ್ ತೆರೆಯಿರಿ, ಇನ್ಸರ್ಟ್ ಮಾಡಿ, ಆ ಕ್ಷಣವೇ ಕಮಿಟ್, ಆಮೇಲೆ ಕ್ಲೋಸ್. ಪೈಥಾನ್‌ನ ‘ವಿತ್’ ಬ್ಲಾಕ್ ಕನೆಕ್ಷನ್ ಮುಚ್ಚುತ್ತದೆ ಅಂದುಕೊಳ್ಳಬೇಡಿ. ಮುಚ್ಚುವುದಿಲ್ಲ! ಅದು ಮಾಡುವುದು ಕಮಿಟ್ ಇಲ್ಲವೇ ರೋಲ್‌ಬ್ಯಾಕ್ ಮಾತ್ರ. ಕ್ಲೋಸ್ ನೀವೇ ಬರೆಯಬೇಕು. ಪ್ರಿಂಟ್, ಎಸ್‌ಎಂಎಸ್ ಎಲ್ಲ ಕಮಿಟ್ ಆದ ಮೇಲೆ. ಚೀಟಿ ಹರಿದು ಬಂದರೆ ‘ಮತ್ತೆ ಪ್ರಿಂಟ್’ ಅಂತ ಒಂದು ಬಟನ್ ಇರಲಿ.

ಇನ್ನು ಅಪ್ಪಾಜಿ ವಿಷಯ. ಅವರು ಬರೆಯುವುದಿಲ್ಲ, ನೋಡುತ್ತಾರೆ ಅಷ್ಟೇ, ನಿಜ. ಆದರೆ ಎಸ್‌ಕ್ಯೂಲೈಟ್‌ನ ಮಾಮೂಲಿ ರೀತಿಯಲ್ಲಿ ಓದುವವರು ಓದಿ ಮುಗಿಸುವವರೆಗೆ ಕಮಿಟ್ ಕಾಯಬೇಕು. ದೊಡ್ಡ ರಿಪೋರ್ಟ್ ತೆಗೆದರೆ ಕಾಟಾ ನಿಲ್ಲುತ್ತದೆ. 2010ರಲ್ಲಿ ಬಂದ 3.7.0 ಆವೃತ್ತಿಯಿಂದ ಹೊಸ ಬರಹವನ್ನು ಮೊದಲು ಪಕ್ಕದ ಫೈಲಿನಲ್ಲಿ ಬರೆಯುವ ವಾಲ್ (WAL) ಅನ್ನುವ ಜರ್ನಲ್ ಮೋಡ್ ಇದೆ. ಅದರಲ್ಲಿ ಓದುವವರು ಬರೆಯುವವರನ್ನು ತಡೆಯುವುದಿಲ್ಲ, ಬರೆಯುವವರೂ ಓದುವವರನ್ನು ತಡೆಯುವುದಿಲ್ಲ. ಬರೆಯುವ ಕೈ ಮಾತ್ರ ಆಗಲೂ ಒಂದೇ. ಒಮ್ಮೆ ಹಾಕಿದರೆ ಫೈಲಿಗೇ ಅಂಟಿಕೊಳ್ಳುತ್ತದೆ. ಆದರೆ ಫೈಲ್ ತೆರೆಯುವವರೆಲ್ಲ ಒಂದೇ ಕಂಪ್ಯೂಟರ್‌ನಲ್ಲಿರಬೇಕು, ಶೇರ್ ಫೋಲ್ಡರ್ ಆಟ ನಡೆಯುವುದಿಲ್ಲ. ಅಪ್ಪಾಜಿಗೂ ಬ್ರೌಸರ್‌ನಲ್ಲೇ ಒಂದು ಪುಟ ಮಾಡಿಕೊಡಿ. ಅಕ್ಷರ ಸ್ವಲ್ಪ ದೊಡ್ಡದಿರಲಿ. ವಾಲ್ ಹಾಕಿದ ಮೇಲೆ ಮುಖ್ಯ ಫೈಲ್ ಒಂದನ್ನೇ ಪೆನ್‌ಡ್ರೈವ್‌ಗೆ ಕಾಪಿ ಮಾಡಬೇಡಿ. ಹೊಸ ಚೀಟಿಗಳು ಪಕ್ಕದ ವಾಲ್ ಫೈಲಿನಲ್ಲಿ ಇನ್ನೂ ಕೂತಿರಬಹುದು. ಪೈಥಾನ್ 3.7ರಿಂದ ಕನೆಕ್ಷನ್‌ಗೇ ಬ್ಯಾಕಪ್ ಅನ್ನುವ ಮೆಥಡ್ ಇದೆ, ಅದನ್ನೇ ಬಳಸಿ.

ಚೀಟಿ ನಂಬರ್ ಕೊಡಲು ದೊಡ್ಡ ನಂಬರ್ ಓದಿ ಒಂದು ಕೂಡಿಸಿದ್ದೀರಿ. ನಾನೂ ಹೀಗೇ ಮಾಡಿ ಮಾನ ಕಳೆದುಕೊಂಡವಳು. ಒಂದು ಬೆಣ್ಣೆದೋಸೆ ಹೋಟೆಲಿಗೆ ಟೋಕನ್ ಪ್ರೋಗ್ರಾಂ ಬರೆದಿದ್ದೆ. ಭಾನುವಾರ ಬೆಳಿಗ್ಗೆ ಎರಡು ಕೌಂಟರ್‌ನಿಂದ 47ನೇ ಟೋಕನ್ ಇಬ್ಬರಿಗೂ ಹೋಯಿತು. ಒಂದು ತಟ್ಟೆಯಲ್ಲಿ ಖಾಲಿ ದೋಸೆ, ಇನ್ನೊಂದರಲ್ಲಿ ಬೆಣ್ಣೆದೋಸೆ, ಹಿಡಿದು ಎಳೆದಾಡಿದ್ದು ಮಾತ್ರ ಬೆಣ್ಣೆದೋಸೆಯನ್ನು. ಇಬ್ಬರೂ 46 ಅಂತ ಓದಿ, ಇಬ್ಬರೂ 47 ಬರೆದಿದ್ದರು. ಬೀಗ ಬೀಳುವುದು ಬರೆಯುವಾಗ, ನಾನು ಮೋಸ ಹೋದದ್ದು ಓದುವಾಗ. ಹಾಗಾಗಿ ಓದುವ ಮುಂಚೆಯೇ ‘ಬಿಗಿನ್ ಇಮಿಡಿಯೆಟ್’ ಅಂತ ಕೊಟ್ಟು ಪೆನ್ನು ಹಿಡಿದುಕೊಳ್ಳಿ. ಒಂದೇ ನಂಬರ್ ಎರಡು ಸಲ ಬರದಂತೆ ನಂಬರಿನ ಕಾಲಮ್‌ಗೆ ಯುನೀಕ್ ಕೂಡ ಹಾಕಿ. ಟೈಮ್‌ಔಟ್ 10 ಸೆಕೆಂಡ್ ಇದ್ದರೆ ಸಾಕೋ ಸಾಕು.

ಪ್ರಶ್ನೆ: ಚಿತ್ರದುರ್ಗದಿಂದ ಬರೆಯುತ್ತಿದ್ದೇನೆ ಮೇಡಂ. ಗುಡ್ಡದ ಮೇಲಿನ ಗಾಳಿಯಂತ್ರಗಳ ರೀಡಿಂಗ್ ಪೋಸ್ಟ್‌ಗ್ರೆಸ್‌ಗೆ ತುಂಬುವ ಕೆಲಸ ನನ್ನದು. ಪೈಥಾನ್‌ನಿಂದ ಡೇಟಾಬೇಸ್ ಮಾತಾಡಿಸುವ ಎಸ್‌ಕ್ಯೂಎಲ್‌ಆಲ್ಕೆಮಿ ಲೈಬ್ರರಿ, ಎಂಟು ವರ್ಕರ್ ಪ್ರಾಸೆಸ್, ಒಂದೊಂದರಲ್ಲೂ ಇಪ್ಪತ್ತು ಥ್ರೆಡ್. ‘ಟೂ ಮೆನಿ ಕ್ಲೈಂಟ್ಸ್’ ಅಂತ ಪೋಸ್ಟ್‌ಗ್ರೆಸ್ ಹೊರಗೆ ತಳ್ಳುತ್ತಿದೆ. ಕನೆಕ್ಷನ್‌ಗಳನ್ನು ಕೂಡಿಟ್ಟು ಹಂಚುವ ಪೂಲ್ ಇದ್ದರೂ ಯಾಕೆ ಹೀಗೆ?

ಉತ್ತರ: ಪೂಲ್ ಇಡೀ ಪ್ರೋಗ್ರಾಂಗೆ ಒಂದಲ್ಲ, ಪ್ರತಿ ವರ್ಕರ್‌ಗೂ ಒಂದೊಂದು. ನೀವು ಏನೂ ಹೇಳದಿದ್ದರೆ ಅದರಲ್ಲಿ 5 ಕನೆಕ್ಷನ್, ಮೇಲೆ 10 ಹೆಚ್ಚುವರಿ. ಎಂಟು ಹದಿನೈದಲೆ 120. ಪೋಸ್ಟ್‌ಗ್ರೆಸ್‌ನ ಮಾಮೂಲಿ ಮಿತಿ 100, ಅದರಲ್ಲೂ ಮೂರು ಸೂಪರ್‌ಯೂಸರ್‌ಗೆ ಮೀಸಲು. ಮಿತಿ ಏರಿಸಬೇಡಿ, ಒಂದೊಂದು ಕನೆಕ್ಷನ್‌ಗೂ ಅದು ಬೇರೆ ಪ್ರಾಸೆಸ್ ಸಾಕುತ್ತದೆ. ಹೆಚ್ಚುವರಿ ಹತ್ತನ್ನು ಎರಡಕ್ಕೆ ಇಳಿಸಿ, 56ರಲ್ಲಿ ಕೆಲಸ ಆಗುತ್ತದೆ. ಆಗ ‘ಪೂಲ್ ಖಾಲಿ’ ಅಂತ ಪೈಥಾನ್ ಕಡೆಯೇ ಎರರ್ ಬಂದರೆ ಖುಷಿಪಡಿ. ಯಾವುದೋ ಥ್ರೆಡ್ ಸೆಷನ್ ತೆಗೆದುಕೊಂಡು ವಾಪಸ್ ಕೊಡುತ್ತಿಲ್ಲ ಅಂತ ಸುಳಿವು ಸಿಕ್ಕಂತೆ. ಯಾವ ಕನೆಕ್ಷನ್ ಏನು ಮಾಡುತ್ತಿದೆ ಅಂತ ತೋರಿಸುವ ಪೋಸ್ಟ್‌ಗ್ರೆಸ್‌ನ ಪಿಜಿ ಸ್ಟ್ಯಾಟ್ ಆಕ್ಟಿವಿಟಿಯಲ್ಲಿ ‘ಐಡಲ್ ಇನ್ ಟ್ರಾನ್ಸಾಕ್ಷನ್’ ಅಂತ ಕೂತಿರುವವನನ್ನು ಹಿಡಿಯಿರಿ.

ಪ್ರಶ್ನೆ: ದಾವಣಗೆರೆ ಮಂಡಿಪೇಟೆಯಲ್ಲಿ ನಮ್ಮ ಬಟ್ಟೆ ಅಂಗಡಿ. ದಿನಾ ಬೆಳಿಗ್ಗೆ ಬೋಣಿಯ ಬಿಲ್‌ಗೇ ‘ಮೈಎಸ್‌ಕ್ಯೂಎಲ್ ಸರ್ವರ್ ಹ್ಯಾಸ್ ಗಾನ್ ಅವೇ’. ಎರಡನೇ ಸಲ ಒತ್ತಿದರೆ ಸರಿ. ನಮ್ಮಲ್ಲೂ ಎಸ್‌ಕ್ಯೂಎಲ್‌ಆಲ್ಕೆಮಿಯೇ. ಅಪಶಕುನ ಅಂತಾರೆ ಅಮ್ಮ.

ಉತ್ತರ: ಅಮ್ಮನಿಗೆ ಹೇಳಿ, ಶಕುನ ಚೆನ್ನಾಗಿದೆ. ಸುಮ್ಮನಿರುವ ಕನೆಕ್ಷನನ್ನು ಮೈಎಸ್‌ಕ್ಯೂಎಲ್ 28800 ಸೆಕೆಂಡ್, ಅಂದರೆ ಎಂಟು ಗಂಟೆ ಆದ ಮೇಲೆ ಕಡಿದು ಹಾಕುತ್ತದೆ. ರಾತ್ರಿ ಒಂಬತ್ತಕ್ಕೆ ಬಾಗಿಲು ಹಾಕಿ ಬೆಳಿಗ್ಗೆ ಹತ್ತಕ್ಕೆ ತೆಗೆದರೆ ಹದಿಮೂರು ಗಂಟೆ ಆಯಿತು. ಎಂಜಿನ್ ಮಾಡುವ ಸಾಲಿನಲ್ಲಿ ‘ಪೂಲ್ ಪ್ರೀ ಪಿಂಗ್’ ಟ್ರೂ ಮಾಡಿ, ಬಳಸುವ ಮುಂಚೆ ಕನೆಕ್ಷನ್ ಜೀವಂತ ಇದೆಯಾ ಅಂತ ಅದು ನೋಡಿಕೊಳ್ಳುತ್ತದೆ.