ಮಳೆನೀರು, ಮೋರಿ, ಇಂಗುಬಾವಿ: ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮಸ್ಕಾರ ಸರ್, ನಮ್ದು ಬೆಂಗಳೂರಿನಲ್ಲಿ ಒಂದು ಸಣ್ಣ ಲೇಔಟು. ಬಿಲ್ಡರ್ ರಸ್ತೆ ಪಕ್ಕದ ಮೋರಿಗೆ ಸೇರಿಸಿ ಆರು ಇಂಗುಬಾವಿ (ಮಳೆನೀರನ್ನ ನೆಲಕ್ಕೆ ಇಂಗಿಸೋ ಬಾವಿ) ಮಾಡಿಕೊಟ್ಟು ಹೋದ್ರು. ಮೊದಲು ಚೆನ್ನಾಗೇ ಇತ್ತು, ಈಗ ಒಂದು ಜೋರು ಮಳೆ ಬಂದ್ರೆ ಸಾಕು ತುಂಬಿ ರಸ್ತೆಗೆ ಹರಿಯತ್ತೆ, ವಾರ ಆದ್ರೂ ನೀರು ಇಳಿಯಲ್ಲ, ಸೊಳ್ಳೆ ಬೇರೆ. ಇನ್ನೂ ನಾಲ್ಕು ಬಾವಿ ತೋಡಿಸೋಣ ಅಂತ ಅಸೋಸಿಯೇಷನ್‌ನಲ್ಲಿ ಮಾತಾಗ್ತಿದೆ. ಏನ್ ಮಾಡ್ಲಿ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ಹೊಸದು ಈಗಲೇ ಬೇಡ ಮೇಡಂ. ನೀವು ಹೇಳ್ತಿರೋದು ಹೂಳಿನ ಲಕ್ಷಣ, ಇರೋ ಬಾವಿಯ ತಳ ಮುಚ್ಚಿಹೋಗಿದೆ ಅಷ್ಟೇ, ಹೊಸ ಬಾವಿಗೂ ಅದೇ ಮೋರಿ ನೀರು ಹೋದ್ರೆ ಅದಕ್ಕೂ ಅದೇ ಗತಿ ಆಗತ್ತೆ.

ಬಾವಿ ಕೆಲಸ ಮಾಡ್ತಿದೆಯೋ ಇಲ್ವೋ ನೋಡೋದು ಸುಲಭ. ಮಳೆ ನಿಂತ ಮೇಲೆ ಬಾವಿ ಒಳಗಿನ ಸಿಮೆಂಟ್ ರಿಂಗ್ ಮೇಲೆ ನೀರಿನ ಮಟ್ಟಕ್ಕೆ ಗುರುತು ಹಾಕಿ, ಎರಡು ಮೂರು ದಿನದಲ್ಲಿ ಪೂರ್ತಿ ಇಳೀಬೇಕು. ಇಳೀದಿದ್ರೆ ಬೇಸಿಗೆ ಕೊನೇಲಿ, ಮುಂಗಾರು ಮುಂಚೆ, ತಳದ ಕೆಸರು ತೆಗೆಸಿ, ಜಲ್ಲಿ ಹಾಕಿದ್ರೆ ಅದನ್ನ ಮೇಲೆತ್ತಿ ತೊಳೆದು ಮತ್ತೆ ಹಾಕ್ಸಿ, ರಿಂಗ್‌ಗಳ ಮಧ್ಯದ ಸಂದಿಗೆ ಯಾರಾದ್ರೂ ಸಿಮೆಂಟ್ ಮೆತ್ತಿದಾರಾ ಅಂತಾನೂ ನೋಡಿ, ಆ ಸಂದಿಯಿಂದ್ಲೂ ನೀರು ಮಣ್ಣಿಗೆ ಹೋಗ್ಬೇಕು. 3 ಅಡಿ ಅಗಲ 20 ಅಡಿ ಆಳದ ಬಾವಿಗೆ ಹಿಡಿಯೋದು ಸುಮಾರು 4,000 ಲೀಟರ್. ಅದರಲ್ಲಿ 5 ಅಡಿ ಹೂಳು ಕೂತ್ರೆ 1,000 ಲೀಟರ್ ಜಾಗ ಹೋಯ್ತು, ಜೊತೆಗೆ ಇಂಗೋ ದಾರೀನೂ ಹೋಯ್ತು.

ಆದ್ರೆ ಬಾವಿ ಕ್ಲೀನ್ ಮಾಡ್ಸಿ ಸುಮ್ನಾದ್ರೆ ಪ್ರಯೋಜನ ಇಲ್ಲ. ಪ್ರತಿ ಬಾವಿಗೆ ಮುಂಚೆ ಒಂದು ಹೂಳು ಚೇಂಬರ್ ಇರ್ಬೇಕು, ನೀರು ಅಲ್ಲಿ ಸ್ವಲ್ಪ ನಿಂತು ಮರಳು, ಮಣ್ಣು ಕೆಳಗೆ ಬಿಟ್ಟು ಮೇಲಿಂದ ಬಾವಿಗೆ ಹೋಗೋ ಹಾಗೆ. ಮಳೆಗಾಲದಲ್ಲಿ ಪ್ರತಿ ದೊಡ್ಡ ಮಳೆ ಆದ್ಮೇಲೆ ಅದನ್ನ ಬಳೀಬೇಕು, ಇದು ಯಾರ ಕೆಲಸ ಅಂತ ಹೆಸರು ಬರೆದು ನೋಟಿಸ್ ಬೋರ್ಡಿಗೆ ಹಾಕಿ, ಮೇಂಟೆನೆನ್ಸ್ ದುಡ್ಡಲ್ಲಿ ಒಂದು ಪಾಲು ಇದಕ್ಕೇ ಅಂತ ತೆಗೆದಿಡಿ. ಕಟ್ಟೋಕೆ ಲಕ್ಷಗಟ್ಟಲೆ ಸುರಿದು ಹೂಳು ತೆಗೆಯೋಕೆ ಒಂದು ರೂಪಾಯಿನೂ ಇಡದ ಲೇಔಟ್‌ಗಳನ್ನ ನೋಡಿದಾಗ ನಿಜವಾಗ್ಲೂ ಹೊಟ್ಟೆ ಉರಿಯತ್ತೆ.

ಇನ್ನೊಂದು ವಿಷ್ಯ ಮೇಡಂ, ಇದು ಮುಖ್ಯ. ಆ ಮೋರಿಗೆ ಯಾವುದಾದ್ರೂ ಮನೆಯ ಬಚ್ಚಲು ನೀರೋ ಕಕ್ಕಸಿನ ನೀರೋ ಸೇರ್ತಿದ್ರೆ ಇಂಗುಬಾವಿಗೆ ಬಿಡಲೇಬೇಡಿ, ಅದು ನೇರ ಅಂತರ್ಜಲಕ್ಕೆ, ಅಲ್ಲಿಂದ ನಿಮ್ಮ ಬೋರಿಗೇ ಬರತ್ತೆ. ಮಳೆ ಇಲ್ದಿರೋ ದಿನ ಮೋರೀಲಿ ನೀರು ಹರೀತಿದ್ರೆ ಅದು ಮಳೆನೀರಲ್ಲ ಅಂತ ತಿಳ್ಕೊಳ್ಳಿ, ಮೂಲ ಹುಡುಕಿ. ಮತ್ತೆ ಬಾವಿಗೆ ಇಳಿಯೋರು ಬಾವಿ ತೋಡೋ ಕಸುಬು ಗೊತ್ತಿರೋರೇ ಆಗಿರ್ಲಿ, ಮುಚ್ಚಳ ತುಂಬಾ ಹೊತ್ತು ತೆಗೆದಿಟ್ಟು, ಗಾಳಿ ಆಡೋಕೆ ಬಿಟ್ಟು, ಮೇಲೆ ಹಗ್ಗ ಹಿಡಿದು ಇಬ್ರು ನಿಂತಿದ್ರೆ ಮಾತ್ರ ಇಳಿಸಿ. ಮುಚ್ಚಿದ ಬಾವೀಲಿ ಉಸಿರಾಡೋ ಗಾಳಿನೇ ಇರಲ್ಲ ಎಷ್ಟೋ ಸಲ. ಒಳಚರಂಡಿ ಮ್ಯಾನ್‌ಹೋಲ್‌ಗಂತೂ ಯಾರನ್ನೂ ಇಳಿಸ್ಬಾರ್ದು, ಕೈಯಿಂದ ಮಲ ಬಾಚಿಸೋದನ್ನ ನಿಷೇಧಿಸಿದ 2013ರ ಕಾಯ್ದೆ ಪ್ರಕಾರ ಸುರಕ್ಷತಾ ಸಾಧನ ಇಲ್ದೆ ಇಳಿಸೋದು ಅಪರಾಧ.

ಪ್ರಶ್ನೆ: ಪಕ್ಕದ ಮನೆಯೋರು ಟೆರೇಸ್ ಪೈಪನ್ನ ಯುಜಿಡಿ (ಒಳಚರಂಡಿ) ಚೇಂಬರ್‌ಗೆ ಸೇರಿಸಿದಾರೆ. ಮಳೆ ಬಂದಾಗೆಲ್ಲ ನಮ್ಮ ಬಚ್ಚಲಲ್ಲಿ ಕೊಳಕು ನೀರು ವಾಪಸ್ ಬರತ್ತೆ. ಹೇಳಿದ್ರೆ ನೀರು ಹೋಗ್ತಿದೆಯಲ್ಲ ಅಂತಾರೆ.
— ಓದುಗರೊಬ್ಬರು, ರಾಜಾಜಿನಗರ

ಉತ್ತರ: ಅವರು ಮಾಡಿರೋದು ತಪ್ಪು ಸರ್. ಯುಜಿಡಿ ಪೈಪ್ ಹಾಕಿರೋದು ಮನೆ ಕೊಳಚೆ ಲೆಕ್ಕಕ್ಕೆ. 1,200 ಚದರಡಿ ಟೆರೇಸ್ ಮೇಲೆ 50 ಮಿಲಿಮೀಟರ್ ಮಳೆ ಬಿದ್ರೆ ಸುಮಾರು 5,500 ಲೀಟರ್ ನೀರು, ಬೀದೀಲಿ ಹತ್ತು ಮನೆ ಹೀಗೆ ಮಾಡಿದ್ರೆ ಒಂದೇ ಸಂಜೇಲಿ 55,000 ಲೀಟರ್ ಆ ಪೈಪಿಗೆ ನುಗ್ಗತ್ತೆ, ತಗ್ಗಿನಲ್ಲಿರೋರ ಮನೇಲಿ ಮೇಲೆ ಬರ್ದೆ ಇನ್ನೇನಾಗತ್ತೆ? ಜಗಳಕ್ಕೆ ಮುಂಚೆ ಈ ಲೆಕ್ಕ ತೋರ್ಸಿ. ಅದೇ ಪೈಪನ್ನ ಒಂದು ಫಿಲ್ಟರ್ ಮೂಲಕ ಸಂಪಿಗೆ ತಿರುಗಿಸಿದ್ರೆ ಟ್ಯಾಂಕರ್ ದುಡ್ಡು ಅವರಿಗೇ ಉಳಿಯತ್ತೆ. ಬೆಂಗಳೂರಲ್ಲಿ 2009ರಿಂದ ನಿಗದಿತ ಅಳತೆಗಿಂತ ದೊಡ್ಡ ಸೈಟುಗಳಿಗೆ ಮಳೆನೀರು ಕೊಯ್ಲು ಕಡ್ಡಾಯವೂ ಹೌದು. ಹೇಗೆ ಮಾಡೋದು ಅಂತ ಕಣ್ಣಾರೆ ನೋಡ್ಬೇಕಂದ್ರೆ ಜಯನಗರ 5ನೇ ಬ್ಲಾಕಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಥೀಮ್ ಪಾರ್ಕ್ ಇದೆ, ಅವರನ್ನೂ ಕರ್ಕೊಂಡು ಹೋಗಿ. ಆಮೇಲೂ ಒಪ್ಪದಿದ್ರೆ ಜಲಮಂಡಳಿಗೆ ಲಿಖಿತ ದೂರು ಕೊಡಿ.

ಪ್ರಶ್ನೆ: ಮನೆ ಮುಂದಿನ ಮೋರಿ ಮೇಲೆ ಕಾರು ನಿಲ್ಲಿಸೋಕೆ ಕಾಂಕ್ರೀಟ್ ಹಾಕ್ಸ್‌ಬಹುದಾ?
— ಓದುಗರೊಬ್ಬರು, ಯಲಹಂಕ

ಉತ್ತರ: ಒಂದೇ ಸಮ ಕಾಂಕ್ರೀಟ್ ಸುರಿಯೋದು ಬೇಡವೇ ಬೇಡ. ಕೆಳಗೆ ಕಸ ಕಟ್ಟಿಕೊಂಡ್ರೆ ಒಡೆಯದೆ ತೆಗೆಯೋಕಾಗಲ್ಲ, ಯಾರೂ ಒಡೆಯಲ್ಲ, ನೀರು ಹಿಂದಕ್ಕೆ ಒತ್ತಿ ಮೋರಿಯ ಎತ್ತರದ ಕಡೆಯ ಮನೆಯೋರ ಹೊಸಿಲಿಗೆ ಏರತ್ತೆ. 2022ರ ಸೆಪ್ಟೆಂಬರ್‌ನಲ್ಲಿ ಯಮಲೂರು, ಬೆಳ್ಳಂದೂರು ಕಡೆ ಜನ ಟ್ರ್ಯಾಕ್ಟರ್ ಹತ್ತಿ ಆಚೆ ಬಂದಿದ್ದು ನೆನಪಿದೆಯಲ್ವಾ, ಆ ಸಲ ಮಳೆನೂ ವಿಪರೀತ ಇತ್ತು, ಆದ್ರೆ ಕೆರೆಯಿಂದ ಕೆರೆಗೆ ಹೋಗೋ ರಾಜಕಾಲುವೆಗಳು ಒತ್ತುವರಿಯಾಗಿ, ಹೂಳು ತುಂಬಿ ಇಕ್ಕಟ್ಟಾಗಿದ್ದೂ ದೊಡ್ಡ ಕಾರಣ. ಮನೆ ಮುಂದಿನ ಮೋರಿ ಕೊನೆಗೆ ಸೇರೋದು ಆ ರಾಜಕಾಲುವೆಗೇ. ಮೋರಿ ನಿಮ್ಮ ಜಾಗವೂ ಅಲ್ಲ, ಹಾಗಾಗಿ ಪಾಲಿಕೆ ವಾರ್ಡ್ ಎಂಜಿನಿಯರ್ ಹತ್ರ ಕೇಳಿ, ಅವರು ಒಪ್ಪಿದ್ರೆ ಗೇಟಿನಷ್ಟು ಅಗಲಕ್ಕೆ ಮಾತ್ರ, ಎತ್ತಿ ತೆಗೆಯೋಕೆ ಬರೋ ಬಿಡಿ ಚಪ್ಪಡಿ ಅಥವಾ ಕಬ್ಬಿಣದ ಜಾಲರಿ ಹಾಕ್ಸಿ. ಮಳೆಗಾಲಕ್ಕೆ ಮುಂಚೆ ಒಂದ್ಸಲ ಎತ್ತಿ ಒಳಗೆ ನೋಡಿ.