ಪೆಟ್ಟಿಗೆ ಸರಿಸಿದರೂ ಜೇನು ಹಳೆ ಜಾಗಕ್ಕೇ ಬರುವುದೇಕೆ?

ಪ್ರಶ್ನೆ: ತೋಟದ ಅಂಚಿನಲ್ಲಿದ್ದ ತುಡುವೆ ಪೆಟ್ಟಿಗೆಯನ್ನು ನೆರಳಿಗೆಂದು ಹತ್ತು ಮಾರು ಆಚೆ ಇಟ್ಟೆ. ಮೇವಿಗೆ ಹೋದ ಹುಳುಗಳು ವಾಪಸು ಬಂದು ಹಳೆ ಜಾಗದಲ್ಲೇ ಸುತ್ತತೊಡಗಿದವು. ಅಷ್ಟು ಸಣ್ಣ ತಲೆಯಲ್ಲಿ ಇಷ್ಟು ನೆನಪು ಹೇಗೆ? ಅದರೊಳಗೆ ಏನಿದೆಯೆಂದು ವಿಜ್ಞಾನಿಗಳು ನೋಡುವುದಾದರೂ ಹೇಗೆ ಮೇಡಂ?
– ಜೇನು ಕೃಷಿಕರು, ಶಿರಸಿ ತಾಲೂಕು

ಉತ್ತರ: ಬಿಸಿಲೇರಿದ ಹೊತ್ತಿನಲ್ಲಿ ಎಳೆ ಹುಳುಗಳು ಪೆಟ್ಟಿಗೆಯ ಬಾಗಿಲ ಮುಂದೆ ಹಾರುವುದನ್ನು ನೀವು ನೋಡಿಯೇ ಇರುತ್ತೀರಿ. ಮುಖ ಪೆಟ್ಟಿಗೆಯ ಕಡೆಗೇ ಇರುತ್ತದೆ. ಎಡಕ್ಕೆ ಬಲಕ್ಕೆ ತೂಗಾಡುತ್ತ, ಸುತ್ತು ದೊಡ್ಡದು ಮಾಡಿಕೊಳ್ಳುತ್ತ ಹಿಂದೆ ಸರಿಯುತ್ತವೆ. ಮನೆಯ ಗುರುತು ಹಾಕಿಕೊಳ್ಳುವುದು ಆಗಲೇ. ಪಕ್ಕದ ಅಡಿಕೆ ಮರ, ಬೇಲಿ, ಸೂರ್ಯನ ದಿಕ್ಕು, ಎಲ್ಲವೂ ಆ ಲೆಕ್ಕಕ್ಕೆ ಸೇರುತ್ತವೆ. ಪೆಟ್ಟಿಗೆಯನ್ನು ದಿನಕ್ಕೆ ಒಂದೆರಡು ಅಡಿಯಷ್ಟೇ ಸರಿಸಿ ಎಂದು ಹಿರಿಯರು ಹೇಳುವುದು ಇದಕ್ಕೇ.

ಯುರೋಪಿನ ಜೇನಿನ ಮೆದುಳು ಸುಮಾರು ಒಂದು ಘನ ಮಿಲಿಮೀಟರ್. ಅದರಲ್ಲಿ ಹತ್ತಿರಹತ್ತಿರ 10 ಲಕ್ಷ ನರಕೋಶಗಳಿವೆ. ಅವುಗಳಲ್ಲಿ ಮೂರನೇ ಒಂದರಷ್ಟು ಇರುವುದು ಅಣಬೆಯಾಕಾರದ ಎರಡು ಭಾಗಗಳಲ್ಲಿ. 1850ರಲ್ಲಿ ಇವನ್ನು ಗುರುತಿಸಿದ ಫ್ರಾನ್ಸಿನ ಫೆಲಿಕ್ಸ್ ದುಜಾರ್ದಾಂ, ಕೀಟದ ಬುದ್ಧಿಗೂ ಇವಕ್ಕೂ ನಂಟಿದೆ ಎಂದು ಆಗಲೇ ಊಹಿಸಿದ್ದರು. ವಾಸನೆ, ಬಣ್ಣ, ದಾರಿಯ ಗುರುತುಗಳನ್ನು ಕಲಿಯುವುದರಲ್ಲಿ ಇವುಗಳ ಪಾತ್ರ ದೊಡ್ಡದು.

ದಿಕ್ಕಿನ ಅರಿವಿಗೆ ಬೇರೆಯೇ ಜಾಗವಿದೆ. 2015ರಲ್ಲಿ ಅಮೆರಿಕದ ಜನೀಲಿಯಾ ಕೇಂದ್ರದ ಯೋಹಾನ್ನೆಸ್ ಸೀಲಿಗ್ ಮತ್ತು ವಿವೇಕ್ ಜಯರಾಮನ್ ಹಣ್ಣುನೊಣದ ತಲೆಯನ್ನು ಸೂಕ್ಷ್ಮದರ್ಶಕದ ಕೆಳಗೆ ನಿಲ್ಲಿಸಿ, ಅದನ್ನು ಚೆಂಡಿನ ಮೇಲೆ ನಡೆಸಿದರು. ಮೆದುಳಿನ ನಡುವಿನ ಉಂಗುರದಂಥ ಭಾಗದಲ್ಲಿ ಒಂದು ಕಡೆ ಮಾತ್ರ ನರಕೋಶಗಳು ಹೊಳೆಯುತ್ತಿದ್ದವು (ಚುರುಕಾದಾಗ ಹೊಳೆಯುವಂತೆ ಅವನ್ನು ಮೊದಲೇ ಮಾರ್ಪಡಿಸಿದ್ದರು). ನೊಣ ತಿರುಗಿದಂತೆ ಆ ಹೊಳಪೂ ಉಂಗುರದ ಸುತ್ತ ತಿರುಗಿತು, ಕತ್ತಲಲ್ಲೂ ಸಹ! ಈ ಪ್ರಯೋಗ ನನಗೆ ತುಂಬಾ ಇಷ್ಟ.

ಇನ್ನು ನೋಡುವ ಬಗೆ. ನಾನು ಕುಮಟಾ ಕಡೆಯವಳು, ದಿನವಿಡೀ ಸೂಕ್ಷ್ಮದರ್ಶಕದ ಚಿತ್ರಗಳನ್ನೇ ನೋಡುವವಳು. ಗಸಗಸೆ ಕಾಳಿನಷ್ಟಿರುವ ನೊಣದ ಮೆದುಳಿಗೆ ಲೋಹದ ಬಣ್ಣ ಹಿಡಿಸಿ, ರಾಳದಲ್ಲಿ ಗಟ್ಟಿಮಾಡಿ, ವಜ್ರದ ಅಲಗಿನಿಂದ ಸುಮಾರು 40 ನ್ಯಾನೋಮೀಟರ್ ದಪ್ಪಕ್ಕೆ ಕೊಯ್ಯುತ್ತಾರೆ. ಒಂದು ಮೆದುಳಿಗೆ 7,000ದಷ್ಟು ಸೀಳು. ಪ್ರತಿ ಸೀಳನ್ನೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚಿತ್ರ ತೆಗೆದು, ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸಿ, ಒಂದೊಂದೇ ನರತಂತುವನ್ನು ಸೀಳಿನಿಂದ ಸೀಳಿಗೆ ಹಿಂಬಾಲಿಸಬೇಕು. ತೆರೆಯ ಮೇಲೆ ಅದು ಬರೀ ಬೂದು ಚುಕ್ಕೆ. ಮುಂದಿನ ಸೀಳಿನಲ್ಲಿ ಪಕ್ಕದ ಚುಕ್ಕೆಗೆ ಅಂಟಿಕೊಂಡಂತೆ ಕಂಡರೆ ಕಂಪ್ಯೂಟರ್ ಎರಡನ್ನೂ ಒಂದೇ ಎಂದುಬಿಡುತ್ತದೆ; ಸೀಳು ಮಡಿಚಿದ್ದಲ್ಲಿ ಒಂದೇ ತಂತುವನ್ನು ಎರಡಾಗಿ ತುಂಡರಿಸುತ್ತದೆ. ಇದನ್ನು ತಿದ್ದಲು ಮನುಷ್ಯರ ಕಣ್ಣೇ ಬೇಕು.

ಹಣ್ಣುನೊಣದ ಪೂರ್ತಿ ಮೆದುಳಿನ ನಕ್ಷೆ 2024ರ ಅಕ್ಟೋಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು: 1,39,255 ನರಕೋಶಗಳು, 5 ಕೋಟಿಗೂ ಮಿಕ್ಕಿದ ಸಂಪರ್ಕಗಳು. ತಿದ್ದುವ ಕೆಲಸವನ್ನು ಒಬ್ಬರೇ ಮಾಡಿದ್ದರೆ 33 ವರ್ಷ ಹಿಡಿಯುತ್ತಿತ್ತಂತೆ. ಹಾಗಾಗದಂತೆ ನೋಡಿಕೊಂಡವರು ಹಲವು ದೇಶಗಳ ವಿಜ್ಞಾನಿಗಳು ಮತ್ತು ಮನೆಯಲ್ಲೇ ಕೂತು ಕೈಜೋಡಿಸಿದ ಆಸಕ್ತರು. ಯಂತ್ರವೇ ಎಲ್ಲ ಮಾಡಿತು ಎಂದು ಬರೆಯುವಾಗ ಈ ಜನರನ್ನು ಮರೆಯಬಾರದು.

ಪ್ರಶ್ನೆ: ನಾನು ಬಿಎಸ್ಸಿ ಓದುತ್ತಿದ್ದೇನೆ. ಇಂಥ ಚಿತ್ರ ವಿಶ್ಲೇಷಣೆ ಕಲಿಯಲು ದೊಡ್ಡ ಲ್ಯಾಬೇ ಬೇಕೆ ಮೇಡಂ?
– ವಿದ್ಯಾರ್ಥಿನಿ, ಕಾರವಾರ

ಉತ್ತರ: ಬೇಡಮ್ಮ. ‘ಫಿಜಿ’ ಎಂಬ ತಂತ್ರಾಂಶ ಉಚಿತ, ಸಾಧಾರಣ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ. ಅದರ ಬುನಾದಿ, ಅಮೆರಿಕದ ವೇಯ್ನ್ ರಾಸ್‌ಬ್ಯಾಂಡ್ ರೂಪಿಸಿದ ‘ಇಮೇಜ್‌ಜೆ’. ಕೀಟದ ಮೆದುಳಿನ ಮೇಲೆ ಕೆಲಸ ಮಾಡುವ ನರವಿಜ್ಞಾನಿ ಆಲ್ಬರ್ಟ್ ಕಾರ್ಡೋನಾ ಕೂಡ ‘ಫಿಜಿ’ ಕಟ್ಟಿದವರಲ್ಲಿ ಒಬ್ಬರು.

ಪರಾಗದಿಂದ ಶುರುಮಾಡು. ದಾಸವಾಳದ ಪರಾಗವನ್ನು ಗಾಜಿನ ಪಟ್ಟಿಯ ಮೇಲೆ ಉದುರಿಸಿ, ಕಾಲೇಜಿನ ಸೂಕ್ಷ್ಮದರ್ಶಕದ ಕಣ್ಣಿಗೆ ಫೋನ್ ಹಿಡಿದು ಫೋಟೋ ತೆಗೆ. ಫಿಜಿಯಲ್ಲಿ ಅದನ್ನು ಕಪ್ಪು-ಬಿಳುಪು ಮಾಡಿ, ಥ್ರೆಶೋಲ್ಡ್ (ಎಷ್ಟು ಗಾಢವಾದದ್ದನ್ನು ಕಣವೆಂದು ಹಿಡಿಯಬೇಕೆಂಬ ಮಿತಿ) ಹಾಕಿ, ಕಣಗಳನ್ನು ಎಣಿಸಲು ಹೇಳು. ಒಂದಕ್ಕೊಂದು ತಾಗಿಕೊಂಡ ಎರಡು ಕಣಗಳನ್ನು ಅದು ಒಂದೆಂದೇ ಎಣಿಸುತ್ತದೆ. ಆಗ ‘ವಾಟರ್‌ಶೆಡ್’ ಒತ್ತಿದರೆ ನಡುವೆ ತೆಳು ಗೆರೆ ಎಳೆದು ಬೇರ್ಪಡಿಸುತ್ತದೆ. ಕೆಲವು ಚಿತ್ರಗಳನ್ನು ಕೈಯಿಂದಲೂ ಎಣಿಸಿ ಹೋಲಿಸು. ಎರಡೂ ಲೆಕ್ಕ ಹತ್ತಿರ ಬರುವವರೆಗೆ ಥ್ರೆಶೋಲ್ಡ್ ತಿದ್ದು, ಆಮೇಲೆ ಉಳಿದ ಎಲ್ಲ ಚಿತ್ರಗಳಿಗೂ ಅದನ್ನೇ ಬಳಸು.