ನಂಬದ ಮಗ, ಅಪ್ಪನ ತಿಥಿ

(ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.)

ನನ್ನ ಹತ್ತಿರ ಸಲಹೆಗೆ ಬಂದವರು ಮೂವತ್ತೈದರ ಆಸುಪಾಸಿನ ಇಂಜಿನಿಯರ್, ಒಬ್ಬನೇ ಮಗ. ತಂದೆ ತೀರಿಕೊಂಡು ವರ್ಷವಾಗುತ್ತಿತ್ತು. ವರ್ಷಾಬ್ದಿಕಕ್ಕೆ, ಅಂದರೆ ಮೊದಲ ವರ್ಷದ ತಿಥಿಗೆ, ಊರಲ್ಲಿ ಪುರೋಹಿತರಿಗೆ ಹೇಳಿ ಆಗಿತ್ತು. "ನನಗೆ ದೇವರಲ್ಲೂ ನಂಬಿಕೆ ಇಲ್ಲ, ಪಿತೃಲೋಕದಲ್ಲೂ ಇಲ್ಲ ಮೇಡಂ. ಪಿಂಡ ಇಟ್ಕೊಂಡು ಕೂತರೆ ಅದು ನಾಟಕ. ಕೂರಲ್ಲ ಅಂದರೆ ಅಮ್ಮ ಊಟ ಬಿಡ್ತಾರೆ." ಮಾಸಿಕಗಳನ್ನು ಹಲ್ಲು ಕಚ್ಚಿ ಮಾಡಿ ಮುಗಿಸಿದ್ದರು. ಈಗ ಸರಿಯಾಗಿ ನಿದ್ದೆಯಿಲ್ಲ. ಅಮ್ಮನ ಫೋನ್ ಬಂದರೆ ಎದೆ ಡವಡವ.

ಚೆನ್ನಾಗಿ ಓದಿಕೊಂಡವರು. ದೇವರು, ಪರಲೋಕ ಯಾವುದನ್ನೂ ಒಪ್ಪದ ಪ್ರಾಚೀನ ಚಾರ್ವಾಕರ ಪ್ರಶ್ನೆಯನ್ನೇ ನನ್ನ ಮುಂದಿಟ್ಟರು: ಇಲ್ಲಿ ಬಡಿಸಿದ್ದು ಸತ್ತವರಿಗೆ ತಲುಪುವುದಾದರೆ, ಪ್ರಯಾಣ ಹೊರಟವರಿಗೆ ಬುತ್ತಿ ಯಾಕೆ ಕಟ್ಟಬೇಕು? 14ನೇ ಶತಮಾನದ 'ಸರ್ವದರ್ಶನಸಂಗ್ರಹ' ಎಂಬ ಸಂಸ್ಕೃತ ಗ್ರಂಥದಲ್ಲೇ ಇದು ದಾಖಲಾಗಿದೆ, ಅನುಮಾನ ಅಷ್ಟು ಹಳೆಯದು. ಹಾಗಾಗಿ "ಬೆಂಗಳೂರಿಗೆ ಹೋಗಿ ಕೆಟ್ಟ" ಅನ್ನುವ ಅಮ್ಮನ ದೂರು ನಿಲ್ಲುವುದಿಲ್ಲ ಎಂದೆ. ಅವತ್ತು ಅವರು ನಕ್ಕಿದ್ದು ಅದೊಂದೇ ಸಲ.

ವೇದದ ಕರ್ಮವೇ ಮುಖ್ಯ ಎನ್ನುವ ಮೀಮಾಂಸಕರ ಮಾತು ತೆಗೆದೆ. ಜಗತ್ತನ್ನು ಸೃಷ್ಟಿಸಿದ ಈಶ್ವರನನ್ನು ಅವರಲ್ಲಿ ಪ್ರಮುಖನಾದ ಕುಮಾರಿಲ ಭಟ್ಟ ಒಪ್ಪಲಿಲ್ಲ, ಆದರೂ ವೈದಿಕ ಕರ್ಮ ಬಿಡಲಿಲ್ಲ. "ಅವರು ಕರ್ಮದ ಫಲವನ್ನಾದರೂ ನಂಬಿದ್ದರು. ನಾನು ಅದನ್ನೂ ನಂಬಲ್ಲ" ಎಂದರು. ಸರಿಯಾದ ಮಾತೇ. ಅಲ್ಲಿಗೆ ಆ ದಾರಿ ಮುಚ್ಚಿತು.

ಅವರನ್ನು ನಿಜವಾಗಿ ಕಾಡುತ್ತಿದ್ದವನು ಕ್ಲಿಫರ್ಡ್. ಸಾಕಷ್ಟು ಆಧಾರವಿಲ್ಲದೆ ಏನನ್ನೇ ನಂಬುವುದೂ ತಪ್ಪು ಎಂದು 1877ರಲ್ಲಿ ವಾದಿಸಿದ ಇಂಗ್ಲಿಷ್ ಗಣಿತಜ್ಞ. ಅವನು ಕೊಡುವ ಉದಾಹರಣೆಯಲ್ಲಿ ಒಬ್ಬ ಹಡಗಿನ ಮಾಲೀಕ ಇದ್ದಾನೆ. ಹಳೆಯ ಹಡಗು ಪ್ರಯಾಣ ತಾಳದು ಎಂಬ ಅನುಮಾನವನ್ನು ಬೇಕಂತಲೇ ಅದುಮಿಟ್ಟು ಯಾತ್ರೆಗೆ ಕಳಿಸುತ್ತಾನೆ, ಹಡಗು ಮುಳುಗುತ್ತದೆ. ನಾನು ಕೇಳಿದೆ: "ಅವನ ತಪ್ಪು ಅನುಮಾನವನ್ನು ಅದುಮಿಟ್ಟಿದ್ದು. ನೀವು ಯಾವುದನ್ನು ಅದುಮಿಟ್ಟಿದ್ದೀರಿ? ತಿಥಿಗೆ ಕೂತ ಮಾತ್ರಕ್ಕೆ ನಂಬಿದ ಹಾಗಾಗುತ್ತಾ? ನಂಬುತ್ತೇನೆ ಅಂತ ತೋರಿಸಿಕೊಂಡರೆ ತಾನೇ ಸುಳ್ಳು?" ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹನ್ನೆರಡು ತಿಂಗಳೂ ತೋರಿಸಿಕೊಂಡೇ ಬಂದೆ" ಅಂದರು.

ಮುಂದಿನ ಸಲ ತಾಯಿಯನ್ನು ಬೇರೆಯಾಗಿ ಮಾತಾಡಿಸಿದೆ. ಮೊದಲೆಲ್ಲ ಮೈದುನ ಏನಂದಾನು, ಓರಗಿತ್ತಿ ಏನಂದಾಳು ಎಂಬುದೇ. ಆಮೇಲೆ ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಕೇಳಿದರು, "ಅಪ್ಪಂಗೇ ಮಾಡ್ದೆ ಇರೋನು ನಂಗೆ ಮಾಡ್ತಾನಾ? ನಾನು ಹೋದ ಮೇಲೆ ಸುಮ್ನೆ ಮರೆತುಬಿಡ್ತಾನೆ, ಅಲ್ವಾ?" ನನ್ನ ಅಂದಾಜಿನಲ್ಲಿ ಜಗಳದ ಬೇರು ಇದು. ಮಗ ತತ್ವಶಾಸ್ತ್ರದಲ್ಲಿ ಕೊಡುತ್ತಿದ್ದ ಉತ್ತರ, ಅವರು ಕೇಳದೇ ಇದ್ದ ಪ್ರಶ್ನೆಗೆ.

ಮಗನಿಗೆ ಕೊಟ್ಟ ಸಲಹೆ ಹೀಗಿತ್ತು. ದೇವರು ಇದ್ದಾನೋ ಇಲ್ಲವೋ ಎಂಬ ಚರ್ಚೆ ಅಮ್ಮನ ಹತ್ತಿರ ಬೇಡ, ಅದರಿಂದ ಇಬ್ಬರಿಗೂ ಏನೂ ಸಿಗುವುದಿಲ್ಲ. "ನನಗೆ ನಂಬಿಕೆ ಇಲ್ಲಮ್ಮ, ಅಪ್ಪ ಬೇಕು" ಎಂದು ಒಂದೇ ಸಲ, ನೇರವಾಗಿ ಹೇಳಿ. ಪುರೋಹಿತರಿಗೂ ಮುಚ್ಚಿಡಬೇಡಿ. ಯಾವ ಭಾಗಕ್ಕೆ ಮನಸ್ಸು ಒಗ್ಗುತ್ತದೋ ಅದನ್ನು ಮಾಡಿ, ಒಗ್ಗದ್ದನ್ನು ಬಿಡಿ. ಅಡುಗೆ, ಪಿಂಡ ಇಲ್ಲದೆ ದಕ್ಷಿಣೆ ಕೊಟ್ಟು ಮುಗಿಸುವ ಹಿರಣ್ಯ ಶ್ರಾದ್ಧ ಸಂಪ್ರದಾಯದಲ್ಲೇ ಇದೆ. ಅದು ಆಗುತ್ತದಾ ಅಂತ ಪುರೋಹಿತರನ್ನೇ ಕೇಳಿ. ತಿಥಿ ಬೇಡವೇ ಬೇಡ ಅನಿಸಿದರೆ ಅದಕ್ಕೂ ನಿಮಗೆ ಹಕ್ಕಿದೆ, ಆದರೆ ಆ ದಿನ ಅಮ್ಮನ ಪಕ್ಕದಲ್ಲಿರಿ. ತಾಯಿಗೆ ಹೇಳಿದ್ದು ಇಷ್ಟೇ: ಊಟ ಬಿಟ್ಟು ಮಗನನ್ನು ಕೂರಿಸಬೇಡಿ, ಕೂತರೂ ಅದು ನಿಮಗೆ ಬೇಕಾದ್ದಾಗಿರುವುದಿಲ್ಲ.

ಪುರೋಹಿತರು ಹಿರಣ್ಯಕ್ಕೆ ಒಪ್ಪಿದರಂತೆ. ಮಗ ಎಳ್ಳು ನೀರು ಬಿಡುವ ತರ್ಪಣಕ್ಕಷ್ಟೇ ಕೂತರು, ಸಂಕಲ್ಪ ಚಿಕ್ಕಪ್ಪನ ಕೈಲಿ ಮಾಡಿಸಿದರು. ಚಿಕ್ಕಪ್ಪ ಇನ್ನೂ ಮುನಿಸಿಕೊಂಡಿದ್ದಾರೆ. ತಾಯಿಗೂ ಪೂರ್ತಿ ಸಮಾಧಾನವಿಲ್ಲ, ಊಟ ಮಾತ್ರ ಬಿಡಲಿಲ್ಲ. ತಾನು ಹೋದ ಮೇಲೆ ಏನು ಮಾಡಬೇಕು ಎಂದು ಅವರೇ ಮಗನಿಗೆ ಹೇಳಲಿ ಎಂದು ಮುಂದಿನ ಭೇಟಿಗೆ ಇಬ್ಬರನ್ನೂ ಒಟ್ಟಿಗೆ ಕರೆದಿದ್ದೇನೆ.